ಗೋಡೆಗೆ ನೀರು ಹೊಕ್ಕ ಕಥೆ

ಹೋದ ವರ್ಷ ದೀಪಾವಳಿಗೆ ನಾಲ್ಕು ದಿನ ಇರುವಾಗ ನಮ್ಮ ಅಡಿಗೆಮನೆಯ ಗೋಡೆಗೆ ಗುಳ್ಳೆ ಎದ್ದಿತು. ಮೊದಲು ನೋಡಿದವಳು ಅವ್ವ. ಹಸಿರು ಆಯಿಲ್ ಪೇಂಟ್ ಒಳಗಿಂದ ಉಬ್ಬಿ, ಸುಟ್ಟ ಕೈಮೇಲಿನ ಬೊಬ್ಬೆಯ ಹಾಗೆ ನಿಂತಿತ್ತು. ಬೆರಳಿಂದ ಒತ್ತಿದಳು. ಪಟ್ಟಂತ ಒಡೆದು ಕಂದು ಬಣ್ಣದ ನೀರು ಅವಳ ಮೊಣಕೈವರೆಗೆ ಇಳಿಯಿತು.

"ಮಳಿ ಇಲ್ಲ, ಮಾಳಿಗಿ ಸೋರಿಲ್ಲ. ಈ ನೀರ ಎಲ್ಲಿಂದ ಬಂತೋ ಯಪ್ಪಾ?"

ನಮ್ಮ ಊರು ಅಗರಖೇಡ. ಇಂಡಿ ತಾಲೂಕು, ಭೀಮಾ ಹೊಳೆಯ ದಂಡೆ. ನೀರು ಬಂದರೆ ಹೊಳೆ ಕಡೆಯಿಂದ ಬರಬೇಕು, ಇಲ್ಲಾ ಮೋಡದಿಂದ ಬೀಳಬೇಕು ಅನ್ನುವುದು ನಮ್ಮ ತಿಳಿವಳಿಕೆ. ಗೋಡೆಯ ಹೊಟ್ಟೆಯೊಳಗಿಂದ ಬರುತ್ತದೆ ಅಂತ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಕಾರಣ ಮರುದಿನ ಸಿಕ್ಕಿತು. ಎರಡು ವರ್ಷದ ಹಿಂದೆ ಅಂಗಳದ ನಳವನ್ನು ಅಡಿಗೆಮನೆಗೆ ಎಳೆಸಿದ್ದೆವು. ಪೈಪ್ ಹೊರಗೆ ಕಂಡರೆ ಚಂದ ಕಾಣುವುದಿಲ್ಲ ಅಂತ ಅಜ್ಜ ಕಟ್ಟಿಸಿದ ಗೋಡೆಯನ್ನೇ ಕೊರೆಸಿ, ಒಳಗೆ ಪೈಪ್ ಕೂರಿಸಿ, ಮೇಲೆ ಸಿಮೆಂಟ್ ಮೆತ್ತಿಸಿದ್ದೆವು. ಆ ಸಿಮೆಂಟಿನ ಹಿಂದೆ ಒಂದು ಎಲ್ಬೋ ಜಾಯಿಂಟ್ ಕೂದಲೆಳೆಯಷ್ಟು ಬಿಟ್ಟಿತ್ತು. ನಳ ಬಂದಾಗಲೆಲ್ಲ ಹನಿ ಹನಿ. ಎಷ್ಟು ತಿಂಗಳಿಂದ ಅನ್ನುವುದು ಆ ಗೋಡೆಗೇ ಗೊತ್ತು. ನೆಲದಿಂದ ಎದೆಮಟ್ಟದವರೆಗೆ ತೇವ ಏರಿತ್ತು, ಬುಡದಲ್ಲಿ ಗೋಡೆ ಸ್ವಲ್ಪ ಹೊಟ್ಟೆ ಬಿಟ್ಟಿತ್ತು.

ತಮ್ಮ ಅಂದ, "ಕೆಡವಿ ಸ್ಲ್ಯಾಬ್ ಹಾಕೋಣು, ಸಾಲ ಆದ್ರ ಆಗಲಿ." ಪೇಂಟ್ ಅಂಗಡಿಯವರು ಅಂದರು, "ವಾಟರ್‌ಪ್ರೂಫ್ ಎರಡು ಕೋಟ್ ಹೊಡೀರಿ, ಮ್ಯಾಲ ಪುಟ್ಟಿ ಎಳೀರಿ, ಮೂರು ದಿನದ ಕೆಲಸ." ಮಾಘ ಮಾಸದಲ್ಲಿ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಾಗಾಗಿ ಮೂರು ದಿನದ ಮಾತು ಎಲ್ಲರಿಗೂ ಹಿಡಿಸಿತ್ತು.

ಅಷ್ಟರಲ್ಲಿ ಗೌಂಡಿ ಕಾಕಾ ಬಂದ. ಎಪ್ಪತ್ತು ದಾಟಿದವನು. ಈ ಗೋಡೆ ಕಟ್ಟಿದ್ದು ಅವನ ಅಪ್ಪ. ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಮೇಲೆ ಕೆಳಗೆ ಬಡಿದು ನೋಡಿದ, ಒಂದು ಚಿಟಿಕೆ ಮಣ್ಣು ಕೆರೆದು ಮೂಸಿ ನೋಡಿದ. "ಈ ಗ್ವಾಡಿ ಮಳಿ ಕಂಡದ, ಹೊಳಿ ಕಂಡದ. ಒಣಗೋದು ಅದಕ್ಕ ಗೊತ್ತದ. ನೀವು ಅದರ ಬಾಯಿ ಕಟ್ಟೀರಿ. ಮೊದಲ ಬಾಯಿ ಬಿಚ್ರಿ," ಅಂದ.

ನಾನು ಪತ್ರಿಕೆಗೆ ತಾಲೂಕಿನ ಸುದ್ದಿ ಕಳಿಸುವವನು. ಅಡಿಗೆಮನೆಯ ಗೋಡೆ ಸುದ್ದಿ ಆಗುವುದಿಲ್ಲ. ಆದರೆ ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಡೆಯ ಮನೆಗಳಲ್ಲಿ ನೀರು ಗೋಡೆಯೊಳಗೆ ಹೊಕ್ಕಿದ್ದು ಯಾವಾಗ, ಗೋಡೆಗಳ ಬಾಯಿ ಕಟ್ಟಿದ್ದು ಯಾವಾಗ? ಹುಡುಕುತ್ತಾ ಹೋದರೆ ಇದು ಜಿಲ್ಲೆಯ ಇತಿಹಾಸವೇ ಆಯಿತು.

ಹಳೆಯ ಮನೆಯಲ್ಲಿ ನೀರಿಗೆ ಅಂತಲೇ ಜಾಗ ಇತ್ತು. ಬಾವಿಯಿಂದ, ಹೊಳೆಯಿಂದ ಕೊಡದಲ್ಲಿ ಬರುತ್ತಿತ್ತು. ಹೆಣ್ಣುಮಕ್ಕಳ ತಲೆ ಮೇಲೆ, ಟೊಂಕದ ಮೇಲೆ ಬರುತ್ತಿತ್ತು ಅನ್ನುವುದನ್ನೂ ಹೇಳಬೇಕು. ಹಳೆಯದೆಲ್ಲ ಚಂದ ಅನ್ನಲು ಇದನ್ನು ಬರೆಯುತ್ತಿಲ್ಲ. ಬಂದ ನೀರು ಹಂಡೆಯಲ್ಲಿ, ಗಡಿಗೆಯಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಕೂರುತ್ತಿತ್ತು. ಬಚ್ಚಲು ಮನೆಯ ಒಂದು ಅಂಚಿಗೆ, ಹೊರಗೋಡೆಯ ಹತ್ತಿರ, ಫರಸಿ ಹಾಸಿದ ಜಾಗ. ಅಲ್ಲಿಂದ ಹಿತ್ತಲಿಗೆ ಮೋರಿ. ಅಡಿಗೆಮನೆಯ ನಡುಗೋಡೆಗೂ ನೀರಿಗೂ ಸಂಬಂಧವೇ ಇರಲಿಲ್ಲ.

ಗೋಡೆ ಹೇಗಿತ್ತು ಅಂದರೆ, ಕೆಳಗೆ ಮೂರು ನಾಲ್ಕು ಅಡಿ ಕರಿಕಲ್ಲು. ಒಳಮುಖಕ್ಕೆ ಒಂದು ಸಾಲು, ಹೊರಮುಖಕ್ಕೆ ಒಂದು ಸಾಲು, ನಡುವೆ ಚೂರುಗಲ್ಲು ಮತ್ತು ರಾಡಿ. ಮೇಲೆ ಮಣ್ಣು. ಒಟ್ಟು ಎರಡು ಅಡಿ ದಪ್ಪ, ಕೆಲವು ಕಡೆ ಇನ್ನೂ ಹೆಚ್ಚು. ಮಣ್ಣು ಅಂದರೆ ಹೊಲದ ಎರಿಮಣ್ಣು ಅಲ್ಲ. ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡವರು ಎಷ್ಟು ಮಂದಿ ಇಲ್ಲ. ಅಂಥ ಮಣ್ಣಿನಲ್ಲಿ ಗೋಡೆ ನಿಲ್ಲುವುದಿಲ್ಲ. ಮನೆಗೆ ಬೇಕಾದದ್ದು ಬಿಳಿಮಣ್ಣು. ಹಳೆಯ ಊರು ಇದ್ದ ದಿಬ್ಬದಿಂದ, ಹಾಳುಬಿದ್ದ ವಾಡೆಗಳ ಬುಡದಿಂದ ಅಗೆದು ತರುತ್ತಿದ್ದರು. ಹೊಟ್ಟು ಬೆರೆಸಿ, ನೀರು ಹಾಕಿ, ಕೆಲವು ದಿನ ಕೊಳೆಯಲು ಬಿಟ್ಟು, ಕಾಲಿಂದ ತುಳಿದು ಹದ ಮಾಡುತ್ತಿದ್ದರು. ಅಜ್ಜನ ಗೋಡೆಯೊಳಗಿನ ಮಣ್ಣು ಅವನಿಗಿಂತ ಹಿಂದಿನ ಯಾರದೋ ಮನೆಯ ಗೋಡೆ.

ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು. ರೋಹಿಣಿ ಮಳೆ ಶುರುವಾಗುವ ಮುಂಚೆ ಪ್ರತಿ ವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ನಮ್ಮಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲೂ ಉತ್ತರಿ, ಹಸ್ತದ ಮಳೆಗಳೇ ಜೋರು. ಆ ಮಳೆಯಲ್ಲಿ ಗೋಡೆ ನೆನೆಯುತ್ತಿತ್ತು, ಮಳೆ ನಿಂತ ಮೇಲೆ ಒಣಗುತ್ತಿತ್ತು. ಮಹಾನವಮಿಗೆ ಮನೆ ಸಾರಿಸಿ, ಉದುರಿದ ಕಡೆ ಮಣ್ಣು ಮೆತ್ತಿ, ಸುಣ್ಣ ಬಳಿಯುವುದು ಹಬ್ಬದ ಕೆಲಸ ಅಂತ ನಾವು ತಿಳಿದಿದ್ದೇವೆ. ಕಾಕಾ ಹೇಳುವ ಪ್ರಕಾರ ಅದು ಗೋಡೆಯ ವರ್ಷದ ಲೆಕ್ಕ. ಮಳೆ ಎಷ್ಟು ಕೆಡಿಸಿದೆ, ಎಷ್ಟು ಒಣಗಿದೆ, ಎಲ್ಲಿ ಒರಲಿ ಹತ್ತಿದೆ ಅನ್ನುವುದೆಲ್ಲ ಸುಣ್ಣದ ಬಟ್ಟೆ ಹಿಡಿದವರ ಕಣ್ಣಿಗೆ ಬೀಳುತ್ತಿತ್ತು. ಮಣ್ಣಿನ ಮೇಲೆ ಸುಣ್ಣದ ತೆಳು ಪದರ ಇದ್ದರೆ ಒಳಗಿನ ತೇವ ಆವಿಯಾಗಿ ಹೊರಗೆ ಬರಲು ಅಡ್ಡಿ ಇಲ್ಲ. ಗೋಡೆಯ ಬಾಯಿ ತೆರೆದೇ ಇತ್ತು.

ನಳ, ಪೈಪ್ ಅಂದರೆ ನಮ್ಮ ಜಿಲ್ಲೆಗೆ ಹೊಸದು ಅಂದುಕೊಂಡವರು ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟ ಒಂದನ್ನೇ ನೋಡಿ ಬಂದಿರುತ್ತಾರೆ. ಆದಿಲಶಾಹಿ ಕಾಲದಲ್ಲಿ ಆ ಊರಿಗೆ ಕೊಳವೆಯಲ್ಲಿ ನೀರು ಬರುತ್ತಿತ್ತು. ಚಾಂದ ಬಾವಡಿ, 1620ರ ತಾಜ ಬಾವಡಿ ಎಲ್ಲರಿಗೂ ಗೊತ್ತು. ಪಶ್ಚಿಮಕ್ಕೆ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದಿದ್ದರು. ದಕ್ಷಿಣಕ್ಕೆ 1651ರಲ್ಲಿ ಮುಹಮ್ಮದ್ ಆದಿಲಶಾಹ ಜಹಾನ್ ಬೇಗಂ ಹೆಸರಿನಲ್ಲಿ ಬೇಗಂ ತಲಾಬ್ ಕಟ್ಟಿಸಿದ. ಆ ಕೆರೆಯಿಂದ ಊರಿಗೆ ಮಣ್ಣಿನ ಕೊಳವೆಗಳಲ್ಲಿ ನೀರು. ಕೊಳವೆಗಳನ್ನು 15 ಅಡಿಯಿಂದ 50 ಅಡಿ ಆಳದಲ್ಲಿ ಹೂತು, ಒಂದಕ್ಕೊಂದು ಜೋಡಿಸಿ, ಸುತ್ತ ಗಚ್ಚಿನ ಕಟ್ಟಡ ಕಟ್ಟಿ ಮುಚ್ಚಿದ್ದರು.

ನನಗೆ ಬಹಳ ಹಿಡಿಸಿದ್ದು ದಾರಿಯುದ್ದಕ್ಕೂ ಕಟ್ಟಿದ ನೀರಿನ ಗೋಪುರಗಳು. ಗಂಜ್ ಅಂತ ಕರೆಯುತ್ತಾರೆ. 25 ಅಡಿಯಿಂದ 40 ಅಡಿ ಎತ್ತರ. ಕೆಲವು ಇನ್ನೂ ನಿಂತಿವೆ. ಬಹಳ ಮಂದಿ ಅವನ್ನು ಕಾವಲು ಬುರುಜು ಅಂದುಕೊಂಡು ದಾಟಿ ಹೋಗುತ್ತಾರೆ. ಅವುಗಳ ಕೆಲಸ ಬೇರೆ. ಮೇಲಿನಿಂದ ಇಳಿಯುವ ನೀರು ಮುಚ್ಚಿದ ಕೊಳವೆಯಲ್ಲಿ ಒತ್ತಡ ಕಟ್ಟುತ್ತದೆ. ಆ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯಬೇಕು. ಗಂಜಿನೊಳಗೆ ನೀರು ತನ್ನಷ್ಟಕ್ಕೆ ಮೇಲೇರಿ ನಿಲ್ಲುತ್ತದೆ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ತಿಳಿ ನೀರು ಮುಂದೆ ಹೋಗುತ್ತದೆ. ನಿಮ್ಮ ಮನೆಯ ನಳದಲ್ಲಿ ನೀರು ಬರುವ ಮುಂಚೆ ಫುಸ್ ಫುಸ್ ಅಂತ ಗಾಳಿ ಬರುತ್ತದಲ್ಲ, ಪೈಪ್ ನಡುಗುತ್ತದಲ್ಲ, ಅದೇ ಗಾಳಿ. ಆ ನಡುಕವೇ ದಿನಾ ಒಂದಿಷ್ಟು ಜಾಯಿಂಟನ್ನು ಸಡಿಲ ಮಾಡುವುದು. ಅದಕ್ಕೆ ಪೈಪ್‌ಲೈನಿನ ಮೇಲೆ ಏರ್ ವಾಲ್ವ್ ಹಾಕುತ್ತಾರೆ. ಇಡೀ ಗೋಪುರದ ಕೆಲಸ ಈಗ ಅಂಗೈಯಗಲದ ಒಂದು ವಾಲ್ವ್ ಮಾಡುತ್ತದೆ, ಅದು ಕೆಡದೆ ಇದ್ದರೆ.

ಕೊಳವೆಯನ್ನು ಕಟ್ಟಡದೊಳಗೂ ಒಯ್ದಿದ್ದರು. ವಿಜಯಪುರದಿಂದ ಪೂರ್ವಕ್ಕೆ ಕುಮಟಗಿ ಅಂತ ಊರು. ಅಲ್ಲಿ ಆದಿಲಶಾಹಿ ಅರಸರ ಬೇಸಿಗೆಯ ವಿಹಾರದ ಮಹಲುಗಳಿವೆ. ಗೋಪುರಕ್ಕೆ ನೀರೆತ್ತಿ, ಅಲ್ಲಿಂದ ಕೊಳವೆಯಲ್ಲಿ ಮಹಲಿಗೆ ತಂದು, ಮೇಲಿನಿಂದ ಕಾರಂಜಿಯಾಗಿ ಸುರಿಸುತ್ತಿದ್ದರು. ವೈಶಾಖದಲ್ಲಿ ಒಮ್ಮೆ ಅಲ್ಲಿ ನಿಂತು ನೋಡಿದರೆ ಅರಸರಿಗೆ ಯಾಕೆ ಹಾಗೆ ಅನ್ನಿಸಿತು ಅಂತ ತಿಳಿಯುತ್ತದೆ. ಅಲ್ಲಿನ ಒಂದು ಮಹಲಿನ ಒಳಗೋಡೆಗಳ ಮೇಲೆ ಚಿತ್ರಗಳಿದ್ದವು. ಕುದುರೆ ಏರಿ ಚೆಂಡಾಟ ಆಡುವವರು, ಕುಸ್ತಿ ಹಿಡಿಯುವವರು. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ಬಿಜಾಪುರದ ಕಟ್ಟಡಗಳ ದೊಡ್ಡ ಪುಸ್ತಕದಲ್ಲಿ ಈ ಮಹಲುಗಳ ಬಗ್ಗೆ ಬರೆದಿದ್ದಾನೆ. ಚಿತ್ರಗಳು ಈಗ ಬಹುಪಾಲು ಮಾಸಿಹೋಗಿವೆ. ಗೋಡೆ ಮಾತ್ರ ಗಟ್ಟಿ ನಿಂತಿದೆ.

ನೀರಿನ ಮಹಲು ಕಟ್ಟಿದರೂ ಗೋಡೆ ನಿಂತಿದ್ದು ಗಚ್ಚಿನಿಂದ. ಸುಣ್ಣದ ಕಲ್ಲು ಸುಟ್ಟು, ನೀರಲ್ಲಿ ಅರಳಿಸಿ, ಉಸುಕು ಬೆರೆಸಿ, ಗಾಣಕ್ಕೆ ಹಾಕಿ ಎತ್ತು ಹೂಡಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕುವ ಪದ್ಧತಿಯೂ ಇತ್ತು. ಗಚ್ಚು ನಿಧಾನ. ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡು ವರ್ಷಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಸಣ್ಣ ಬಿರುಕು ಬಿಟ್ಟರೆ ತಾನೇ ಕೂಡಿಕೊಳ್ಳುವ ಗುಣವೂ ಒಂದಷ್ಟು ಇದೆ. ನೀರು ತಗುಲಿದರೆ ಒಳಗೆ ಹಿಡಿದಿಟ್ಟುಕೊಳ್ಳದೆ ಆವಿಯಾಗಲು ಬಿಡುತ್ತದೆ. ನಮ್ಮ ಹಳ್ಳಿಯ ಮನೆಗಳಿಗೆ ಗಚ್ಚು ಕಟ್ಟುವ ಶಕ್ತಿ ಇರಲಿಲ್ಲ. ದೇಸಾಯರ ವಾಡೆಗೆ, ಗುಡಿಗೆ, ಬಾವಿಗೆ ಗಚ್ಚು. ಉಳಿದವರಿಗೆ ರಾಡಿ ಮತ್ತು ಮೇಲೆ ಸುಣ್ಣ. ಆದರೆ ಎರಡರ ಗುಣವೂ ಒಂದೇ, ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ.

ತೇವದ ಗೋಡೆ ಒಣಗುವಾಗ ಬಿಳಿ ಪುಡಿ ಬಿಡುತ್ತದೆ. ನಮ್ಮ ಮನೆಯ ಗೋಡೆಗೂ ಬಂತು, ಅವ್ವ ಬೂಸ್ಟು ಅಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅದು ಉಪ್ಪು. ಮಣ್ಣಿನಲ್ಲಿ ಇದ್ದ ಉಪ್ಪನ್ನು ನೀರು ಕರಗಿಸಿಕೊಂಡು ಮೇಲೆ ತರುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಮರದಲ್ಲಿ ತುಂಬಿ ಹೊರಗೆ ಚೆಲ್ಲಬೇಕು.

ಈ ಉಪ್ಪಿಗೂ ಒಂದು ಕಾಲ ಇತ್ತು. ದನ ಕಟ್ಟಿದ ಜಾಗ, ಹಳೆಯ ಗೋಡೆ, ಊರಿನ ದಿಬ್ಬದ ಮಣ್ಣಿನಲ್ಲಿ ಗಂಜಲದಿಂದ ಆಗುವ ಪೆಟ್ಲುಪ್ಪು ಇರುತ್ತದೆ. ಅಂಥ ಮಣ್ಣನ್ನು ಕೆರೆದು ತಂದು, ನೀರು ಹಾಕಿ ಸೋಸಿ, ಕುದಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ಬಂದೂಕಿನ ಮದ್ದಿಗೆ ಗಂಧಕ, ಇದ್ದಿಲಿನ ಜೊತೆ ಅದು ಬೇಕೇಬೇಕು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದು, ಆಮೇಲೆ ವಿಜಯಪುರದ ಕೋಟೆಗೆ ಬಂದ 55 ಟನ್ನಿನ ಮಲಿಕ್-ಎ-ಮೈದಾನ್ ತೋಪಿಗೆ ಎಷ್ಟು ಮದ್ದು ಬೇಕಾಗುತ್ತಿತ್ತೋ ಲೆಕ್ಕ ಹಾಕಿ. ಸವಳು ಮಣ್ಣಿನಿಂದ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ಇಂಗ್ಲಿಷರು ಉಪ್ಪಿನ ಮೇಲೆ ಕರ ಹೇರಿ, ಊರಲ್ಲಿ ಉಪ್ಪು ಮಾಡುವುದನ್ನು ತಡೆದ ಮೇಲೆ ಬಹಳ ಮಂದಿ ಸುಣ್ಣ ಸುಡುವ, ಮಣ್ಣು ಅಗೆಯುವ, ಮನೆ ಕಟ್ಟುವ ಕೆಲಸಕ್ಕೆ ಇಳಿದರು. ಗೋಡೆಯ ಉಪ್ಪು ತೆಗೆಯುತ್ತಿದ್ದ ಕೈಗಳೇ ಗೋಡೆ ಕಟ್ಟುವ ಕೈಗಳಾದವು.

ಇನ್ನು ಸಿಮೆಂಟ್. ಇಂಗ್ಲೆಂಡಿನ ಗೌಂಡಿ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡ. ನಮ್ಮ ಹಳ್ಳಿ ಮನೆಗೆ ಅದು ಬರಲು ನೂರೈವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆಗ ನಮ್ಮ ಜಿಲ್ಲೆಯೊಳಗೇ ಇದ್ದ ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆ ಇತ್ತು, ಆದರೂ ಬೇಕಾದಷ್ಟು ಚೀಲ ಸಿಗುತ್ತಿರಲಿಲ್ಲ. ಬೆಲೆ, ಹಂಚಿಕೆ ಎರಡೂ ಸರ್ಕಾರದ ಕೈಯಲ್ಲಿತ್ತು. ಪರ್ಮಿಟ್‌ಗೆ ಅರ್ಜಿ ಹಾಕಿ ಕಾಯಬೇಕು. 1982ರಲ್ಲಿ ಹಿಡಿತ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆಮೇಲೆ ಕಿರಾಣಿ ಅಂಗಡಿಯ ಪಕ್ಕದಲ್ಲೇ ಸಿಮೆಂಟ್ ಅಂಗಡಿ.

ಅದೇ ಹೊತ್ತಿಗೆ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಭೂಕಂಪ. ಗಣಪತಿ ಕಳಿಸಿ ಬಂದು ಮಲಗಿದವರ ಮೇಲೆ ಮನೆ ಬಿದ್ದವು. ಸಾವಿರಾರು ಜನ ಸತ್ತರು. ಅಲ್ಲಿ ಬಿದ್ದದ್ದು ನಮ್ಮಂಥವೇ ಮನೆಗಳು: ರಾಡಿಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಒಳಸಾಲಿಗೂ ಹೊರಸಾಲಿಗೂ ಹಿಡಿತ ಇಲ್ಲದೆ ಗೋಡೆ ಎರಡಾಗಿ ಸೀಳಿ ಕುಸಿದಿತ್ತು. ನಾನಾಗ ಬಹಳ ಸಣ್ಣವನು. ಎಷ್ಟೋ ರಾತ್ರಿ ಎಲ್ಲರೂ ಅಂಗಳದಲ್ಲಿ ಮಲಗಿದ್ದು ಮಾತ್ರ ನೆನಪಿದೆ. ಆ ಅಂಜಿಕೆ ಸುಳ್ಳಲ್ಲ. ಮಣ್ಣಿನ ಮನೆಯ ಗುಣಗಾನ ಮಾಡುವವರು ಕಿಲ್ಲಾರಿಯನ್ನು ಬಿಟ್ಟು ಮಾತಾಡಬಾರದು.

ಆದರೆ ಆ ಅಂಜಿಕೆಯಲ್ಲಿ ನಾವು ಮಾಡಿದ್ದೇನು? ಹೊಸ ಮನೆ ಕಟ್ಟುವ ಶಕ್ತಿ ಇದ್ದವರು ಕಟ್ಟಿದರು. ಇಲ್ಲದವರು ಹಳೆಯ ಗೋಡೆಗೇ ಸಿಮೆಂಟ್ ಗಿಲಾವು ಹಾಕಿಸಿದರು. ನಮ್ಮ ಮನೆಯಲ್ಲೂ ಅದೇ ಆಯಿತು. ನೋಡಲು ಗಟ್ಟಿ. ಆದರೆ ಇಟ್ಟಂಗಿಯಷ್ಟು ಗಟ್ಟಿ ಅಂಗಿ ತೊಡಿಸಿದರೆ ಒಳಗಿನ ಮಣ್ಣಿಗೆ ಬಲ ಬರುವುದಿಲ್ಲ. ಸಿಮೆಂಟ್ ಗಿಲಾವು ಮಣ್ಣಿನ ಜೊತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಎಲ್ಲೋ ಒಂದು ಕಡೆ ಕೂದಲ ಬಿರುಕು ಬಿಡುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಅದೇ ಬಿರುಕಿನಿಂದ ಆವಿ ಹೊರಗೆ ಬರುವುದಿಲ್ಲ. ಹೊರದಾರಿ ಸಿಗದ ತೇವ ಚಿಮಣಿಯ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೆ ಮೇಲೆ ಏರುತ್ತದೆ. ಗಿಲಾವು ಒಣಗಿಯೇ ಕಾಣುತ್ತದೆ, ಹಿಂದೆ ಮಣ್ಣು ಮೆತ್ತಗಾಗಿರುತ್ತದೆ. ಅದರ ಮೇಲೆ ಆಯಿಲ್ ಪೇಂಟ್ ಹೊಡೆದರೆ ಮುಗಿಯಿತು, ಉಸಿರಾಡಲು ಎಲ್ಲೂ ಸಂದಿ ಇಲ್ಲ.

2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಬಿಟ್ಟೂಬಿಡದೆ ಸುರಿದ ಮಳೆ ಉತ್ತರ ಕರ್ನಾಟಕದಲ್ಲಿ ಮಾಡಿದ್ದನ್ನು ಮೂವತ್ತು ದಾಟಿದವರೆಲ್ಲ ಕಂಡಿದ್ದೇವೆ. ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಸರ್ಕಾರ ಆಸರೆ ಅಂತ ಯೋಜನೆ ಮಾಡಿ ಹೊಸ ಮನೆ ಕಟ್ಟಿಸಿತು. 2020ರ ಅಕ್ಟೋಬರ್‌ನಲ್ಲಿ ಮಳೆ ಮತ್ತು ಮೇಲಿನ ಉಜನಿ ಆಣೆಕಟ್ಟೆಯಿಂದ ಬಿಟ್ಟ ನೀರು ಸೇರಿ ಭೀಮಾ ದಂಡೆಯ ಊರುಗಳಿಗೆ ನುಗ್ಗಿತು. ಆಗ ನಾನು ಊರೂರು ಸುತ್ತಿ ಬಿದ್ದ ಮನೆಗಳ ಸುದ್ದಿ ಕಳಿಸಿದವನು. ಒಂದು ಮಾತನ್ನು ಆಗ ಬರೆಯಲಿಲ್ಲ, ಯಾಕೆಂದರೆ ಆಗ ನನಗೆ ಅದರ ಅರ್ಥ ಆಗಿರಲಿಲ್ಲ. ನೀರು ಇಳಿದ ದಿನ ನಿಂತಿದ್ದ ಗೋಡೆಗಳು ವಾರ, ಹದಿನೈದು ದಿನ ಬಿಟ್ಟು ಬಿದ್ದವು. ಬಿಸಿಲು ಬಂದಿತ್ತು, ಗಿಲಾವು ಒಣಗಿತ್ತು, ಜನ ಒಳಗೆ ಹೋಗಿ ಮಲಗಿದ್ದರು.

ಕಾಕಾ ನಮ್ಮ ಗೋಡೆಯ ಹೊಟ್ಟೆ ನೋಡಿ ಮೊದಲು ಹೇಳಿದ್ದೂ ಅದನ್ನೇ. "ಇವತ್ತ ರಾತ್ರಿ ಈ ಗ್ವಾಡಿ ಬಾಜೂಕ ಯಾರೂ ಮಲಗಬ್ಯಾಡ್ರಿ." ಎರಡು ಜಂತಿಗೆ ಕೆಳಗಿನಿಂದ ಬಲವಾದ ಕಟ್ಟಿಗೆಯ ಟೇಕು ಕೊಟ್ಟ. ಆ ಗೋಡೆಗೆ ಇದ್ದ ಸ್ವಿಚ್ ಬೋರ್ಡಿನ ಮೇನ್ ಆಫ್ ಮಾಡಿಸಿದ. ಆಮೇಲೆ ಪೈಪಿನ ನೀರು ಬಂದ್. ಹೊಟ್ಟೆ ಬಿಟ್ಟ ಗೋಡೆ ನಿಮ್ಮ ಮನೆಯಲ್ಲಿದ್ದರೆ ಒಣಗಿಸುವ ಮಾತು ಆಮೇಲೆ, ಮೊದಲು ಈ ಮೂರು. ಹೊಟ್ಟೆ ಒಂದು ಮುಷ್ಟಿಗಿಂತ ಹೆಚ್ಚು ಹೊರಗೆ ಬಂದಿದ್ದರೆ ಅದನ್ನು ಬಿಚ್ಚಿ ಮತ್ತೆ ಕಟ್ಟುವುದೇ ದಾರಿ ಅಂತ ಕಾಕಾ ಹೇಳುತ್ತಾನೆ. ನಮ್ಮದು ಅಷ್ಟು ಬಂದಿರಲಿಲ್ಲ, ಪುಣ್ಯ.

ಗಂಗೆ ಮನೆಗೆ ಬಂದದ್ದು ನಮ್ಮ ಅವ್ವನ ಆಯುಷ್ಯದ ದೊಡ್ಡ ಸಂಗತಿ. ಜಲ ಜೀವನ್ ಮಿಷನ್ 2019ರಲ್ಲಿ ಶುರುವಾಯಿತು, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತ ಕರೆದರು. ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವುದು ಅದರ ಲೆಕ್ಕ. ಐದು ಮಂದಿಯ ಮನೆಗೆ 275 ಲೀಟರ್ ಆಯಿತು. ಕೊಡದ ಲೆಕ್ಕದಲ್ಲಿ ಇಪ್ಪತ್ತು ಕೊಡ ಹತ್ತಿರ. ಅಷ್ಟು ನೀರು ಹೊತ್ತವರಿಗೇ ಅದರ ಬೆಲೆ ಗೊತ್ತು. ಅಂಗಳದ ನಳ ನೋಡಿ ಅವ್ವ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದ್ದಳು. ತಪ್ಪು ನಳದ್ದಲ್ಲ. ಮಣ್ಣಿನ ಗೋಡೆಯ ಹೊಟ್ಟೆ ಸೀಳಿ ಅದರೊಳಗೆ ಒತ್ತಡದ ನೀರು ಇಟ್ಟು ಮೇಲೆ ಸಿಮೆಂಟ್ ಮುಚ್ಚಿದ್ದು ನಾವು. ಆದಿಲಶಾಹಿಯವರು ಕೊಳವೆಯ ಸುತ್ತ ಗಚ್ಚು ಕಟ್ಟಿ, ದಾರಿಯಲ್ಲಿ ಗಾಳಿಗೆ ಗೋಪುರ ಬಿಟ್ಟಿದ್ದರು. ನಾವು ಪೈಪ್ ಕಾಣಬಾರದು ಅಂತ ಒಂದೇ ಯೋಚನೆ ಮಾಡಿದೆವು.

ಒಣಗಿಸಿದ್ದು ಹೀಗೆ. ಗಿಲಾವನ್ನು ತೇವ ಕಂಡ ಜಾಗಕ್ಕಿಂತ ಎರಡು ಅಡಿ ಮೇಲಿನವರೆಗೆ ಪೂರ್ತಿ ಕಿತ್ತೆವು. ಸುತ್ತಿಗೆಯ ದೊಡ್ಡ ಏಟು ಇಲ್ಲ, ಗೋಡೆ ನಡುಗಬಾರದು ಅಂತ ಚಾಣದಿಂದ ಸಣ್ಣ ಸಣ್ಣ ಏಟು. ಸಿಮೆಂಟ್ ಹೆಕ್ಕಳಿಕೆಯಾಗಿ ಎದ್ದು ಬಂತು, ಹಿಂದೆ ಮಣ್ಣು ಕಡಲೆಹಿಟ್ಟಿನ ಹದಕ್ಕೆ ಕಲಸಿದಂತೆ ಇತ್ತು. ಮೆತ್ತಗಾದದ್ದನ್ನು ಕೆರೆದು ತೆಗೆದೆವು. ಆ ಕಡೆಯ ಪಡಸಾಲೆಯ ಮುಖವನ್ನೂ ಬಿಚ್ಚಿದೆವು, ಯಾಕೆಂದರೆ ಎರಡೂ ಕಡೆಯಿಂದ ಗಾಳಿ ತಾಗಿದರೆ ಅರ್ಧ ಕಾಲದಲ್ಲಿ ಒಣಗುತ್ತದೆ. ಕಪಾಟು, ಜೋಳದ ಚೀಲ ಎಲ್ಲ ಗೋಡೆಯಿಂದ ದೂರ. ಹಗಲು ಕಿಟಕಿ, ಬೆಳಕಿಂಡಿ ತೆರೆದು ಟೇಬಲ್ ಫ್ಯಾನ್. ಕಿಟಕಿ ಮುಚ್ಚಿ ಫ್ಯಾನ್ ಹಚ್ಚಿದರೆ ಅದೇ ಹಸಿ ಗಾಳಿ ಅಲ್ಲೇ ಸುತ್ತುತ್ತದೆ, ಲಾಭ ಇಲ್ಲ.

ತಮ್ಮನಿಗೆ ತಡೆಯಲಾಗಲಿಲ್ಲ. ಒಂದು ಬುಟ್ಟಿ ಕೆಂಡ ತಂದು ಗೋಡೆ ಬುಡಕ್ಕೆ ಇಟ್ಟ. ಕಾಕಾ ಬೈದ. ಮೇಲ್ಮೈ ಜೋರಾಗಿ ಒಣಗಿದರೆ ಮಣ್ಣು ಬಿರಿಯುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ಅದಲ್ಲದೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದು ಜೀವಕ್ಕೇ ಅಪಾಯ.

ಎಷ್ಟು ದಿನ ಅಂತ ಎಲ್ಲರೂ ಕೇಳುವ ಪ್ರಶ್ನೆ. ಕಟ್ಟಡದ ಎಂಜಿನಿಯರುಗಳು ಹೇಳುವ ಒಂದು ಅಂದಾಜು ಇದೆ, ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು. ನಮ್ಮದು ಎರಡು ಅಡಿ, ಅಂದರೆ 24 ಇಂಚು. ಎರಡೂ ಕಡೆ ಬಿಚ್ಚಿದ್ದರಿಂದ ಅರ್ಧ ಮಾಡಿದರೂ ಒಂದು ವರ್ಷ. ಮೂರು ದಿನದ ಪುಟ್ಟಿಗೂ ಒಂದು ವರ್ಷಕ್ಕೂ ಎಷ್ಟು ಅಂತರ ನೋಡಿ. ನಮ್ಮ ಕಡೆಯ ಬೇಸಿಗೆ ಇದಕ್ಕೆ ಒಳ್ಳೆಯ ಗೆಳೆಯ. ಶಿವರಾತ್ರಿಯಿಂದ ಮೇ ತನಕ ಬೀಸುವ ಒಣಗಾಳಿಗೆ ಯಾವ ಮಷೀನೂ ಸಮ ಇಲ್ಲ. ಸಿಮೆಂಟಿನಲ್ಲೇ ಕಟ್ಟಿದ ಆರು ಇಂಚು, ಒಂಬತ್ತು ಇಂಚಿನ ಗೋಡೆ ಇರುವವರಿಗೆ ಇಷ್ಟು ಕಷ್ಟ ಇಲ್ಲ. ಅವರು ಸೋರಿಕೆ ನಿಲ್ಲಿಸಿ, ಎದ್ದ ಪೇಂಟು, ಪುಟ್ಟಿ ಕೆರೆದು, ಕೆಲವು ತಿಂಗಳು ತೆರೆದು ಬಿಟ್ಟರೆ ಸಾಕು. ಮಣ್ಣಿನ ಗೋಡೆಗೆ ಸಿಮೆಂಟ್ ಅಂಗಿ ತೊಡಿಸಿದ ನಮ್ಮಂಥವರದೇ ಪಾಡು.

ಒಣಗಿದೆಯೋ ಇಲ್ಲವೋ ಅಂತ ನೋಡಲು ದುಡ್ಡು ಬೇಡ. ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದೆರಡು ದಿನ ಬಿಡಿ. ಗೋಡೆ ಕಡೆಯ ಮುಖದಲ್ಲಿ ಬೆವರು ಕಂಡರೆ ಒಳಗೆ ಇನ್ನೂ ನೀರಿದೆ. ಮನೆ ಕಡೆಯ ಮುಖದಲ್ಲಿ ಮಾತ್ರ ಬೆವರಿದ್ದರೆ ಅದು ಅಡಿಗೆಯ ಹಬೆ, ಗೋಡೆಯದಲ್ಲ. ಡಿಸೆಂಬರ್‌ನಲ್ಲಿ ನಮ್ಮ ಹಾಳೆ ಒಂದೇ ರಾತ್ರಿಯಲ್ಲಿ ಬೆವರುತ್ತಿತ್ತು.

ಮಾಘದಲ್ಲಿ ಗಂಡಿನ ಕಡೆಯವರು ಬಂದರು. ಗಿಲಾವು ಕಿತ್ತ ಗೋಡೆ, ಟೇಕು ಕೊಟ್ಟ ಜಂತಿ, ಪ್ಲಾಸ್ಟಿಕ್ ಹಾಳೆ ಎಲ್ಲ ನೋಡಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಳ್ಳುವುದೊಂದು ಬಾಕಿ. ಅವರೊಳಗಿನ ಒಬ್ಬ ಹಿರಿಯಮ್ಮ ಗೋಡೆ ಮುಟ್ಟಿ, "ಇದು ಬಿಳಿಮಣ್ಣಲ್ಲೇನ್ರಿ?" ಅಂತ ಕೇಳಿ, ತವರುಮನೆಯ ಮಾಳಿಗೆಯ ಕಥೆ ಅರ್ಧ ತಾಸು ಹೇಳಿದಳು. ಸಂಬಂಧ ಕೂಡಲಿಲ್ಲ. ಅದಕ್ಕೆ ಗೋಡೆ ಕಾರಣ ಅಲ್ಲ.

ಯುಗಾದಿ ಆದ ಮೇಲೆ ಎದೆಮಟ್ಟದ ಹಾಳೆ ಒಣಗಿತು. ಆಗ ಕಾಕಾ ಬಿಳಿಮಣ್ಣಿಗೆ ಹೊಟ್ಟು ಬೆರೆಸಿ ತೆಳುವಾಗಿ ಮೆತ್ತಿದ. ಅದು ಅಂದಕ್ಕಲ್ಲ. ಒಳಗೆ ಉಳಿದ ಉಪ್ಪು, ತೇವ ಎರಡನ್ನೂ ಈ ಪದರ ಎಳೆದುಕೊಳ್ಳುತ್ತದೆ. ಉಪ್ಪು ತುಂಬಿ ಉದುರಲು ಶುರುವಾದ ಮೇಲೆ ಕೆರೆದು ಚೆಲ್ಲಿ ಹೊಸದು ಮೆತ್ತುವುದು. ಹಳೆಯ ಸ್ಮಾರಕಗಳ ದುರಸ್ತಿಯಲ್ಲೂ ಇದೇ ಉಪಾಯ ಬಳಸುತ್ತಾರೆ ಅಂತ ಆಮೇಲೆ ಓದಿದೆ. ಕಾಕಾನಿಗೆ ಓದಿ ಹೇಳಿದರೆ, "ಮತ್ತೇನ ಮಾಡ್ತಾರ?" ಅಂತ ಬೀಡಿ ಹಚ್ಚಿದ.

ಈಗ ಶ್ರಾವಣ. ಮೊದಲ ಪದರ ಕೆರೆದು ಎರಡನೆಯದು ಮೆತ್ತಿದ್ದೇವೆ, ಮೇಲೆ ಸುಣ್ಣ. ಟೇಕು ತೆಗೆದಾಯಿತು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಾಳೆ ಇನ್ನೂ ಬೆವರುತ್ತದೆ, ಮಳೆಗಾಲ ಕಳೆಯಲಿ ಅಂತ ಕಾಯುತ್ತಿದ್ದೇವೆ. ಪೈಪ್ ಈಗ ಗೋಡೆಯ ಹೊರಗೇ, ಕ್ಲ್ಯಾಂಪ್ ಹಾಕಿಕೊಂಡು ಎಲ್ಲರ ಕಣ್ಣಿಗೆ ಕಾಣುವಂತೆ ನಿಂತಿದೆ. ಹನಿ ಬಿದ್ದರೆ ಅದೇ ದಿನ ಗೊತ್ತಾಗುತ್ತದೆ. ಅವ್ವ ಅದಕ್ಕೆ ಜರಡಿ ತೂಗುಹಾಕಿದ್ದಾಳೆ. ಭಾರಕ್ಕೆ ಜಾಯಿಂಟ್ ಬಿಡುತ್ತದೆ ಅಂತ ತಮ್ಮ ದಿನಾ ತೆಗೆದಿಡುತ್ತಾನೆ, ಅವ್ವ ದಿನಾ ಮತ್ತೆ ತೂಗುಹಾಕುತ್ತಾಳೆ.